ಕುರುಗೋಡಿನ ಕುರ್ಚಿ

ಸಿರುಗುಪ್ಪದ ನರಹರಿ ಬಜಾರಿನಲ್ಲಿ ಮೊಟ್ಟೆ ಸಿಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಏಕಾದಶಿಯ ದಿನ ಬಾಗಿಲೇ ತೆರೆಯುವುದಿಲ್ಲ. ಊರಿನವರು ಮೊದಮೊದಲು ನಕ್ಕರು. ಆಮೇಲೆ ಒಬ್ಬಾಕೆ ಅಂಗಡಿಯ ಎದುರಿಗೇ ತಳ್ಳುಗಾಡಿ ನಿಲ್ಲಿಸಿಕೊಂಡು ಈರುಳ್ಳಿ, ಮೊಟ್ಟೆ ಮಾರತೊಡಗಿದಳು. ಒಳಗೆ ಬೇಳೆ, ಎಣ್ಣೆ, ಸೋಪು ಕೊಂಡವರು ಹೊರಗೆ ಅವಳ ಬಳಿ ಉಳಿದದ್ದನ್ನು ಕೊಂಡು ಮನೆಗೆ ಹೋಗುತ್ತಿದ್ದರು. ಮಾಲೀಕ ರಘೋತ್ತಮರಾಯರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ಬೀದಿ ಎಲ್ಲಾರ್ದು. ನನ್ನ ಹೊಸ್ತಿಲಾ ದಾಟಿ ಬರಬಾರದು, ಅಷ್ಟೇ," ಎನ್ನುತ್ತಿದ್ದರು.

ರಾಯರ ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ಮೊದಲ ಅಂಗಡಿಯೂ ಅಲ್ಲೇ. ಎರಡನೆಯದು ಸಿರುಗುಪ್ಪದ್ದು. ಎರಡೂ ಕಡೆ ಒಂದೇ ಕಟ್ಟಳೆ: ಷಟರ್ ಎತ್ತುವ ಮುಂಚೆ ಕೆಲಸದವರೆಲ್ಲ ದೇವರ ಪಟದ ಮುಂದೆ ನಿಲ್ಲಬೇಕು, ಒಂದು ದೇವರನಾಮ, ಆಮೇಲೆ ಆರತಿ. ಊಟದ ಡಬ್ಬಿಯಲ್ಲಿ ಮಾಂಸ, ಮೊಟ್ಟೆ ತರುವಂತಿಲ್ಲ. ರಾಯರು ಯಾರನ್ನೂ ಏಕವಚನದಲ್ಲಿ ಬೈದವರಲ್ಲ, ಕಾಯಿಲೆಯೆಂದರೆ ಮನೆಗೇ ಬಂದು ನೋಡುವವರು. ಹಾಗಾಗಿ ಕೆಲಸದವರು ಇದನ್ನೆಲ್ಲ ಒಪ್ಪಿಕೊಂಡಿದ್ದರು. ಒಪ್ಪದವರು ಬಿಟ್ಟುಹೋಗಿದ್ದರು.

ಸಿರುಗುಪ್ಪದಲ್ಲಿ ದಿನಾ ಆರತಿ ಎತ್ತುತ್ತಿದ್ದವನು ಸತ್ಯಾತ್ಮ. ನಲವತ್ತನಾಲ್ಕು ವರ್ಷ, ತೆಳ್ಳಗಿನ ಆಳು, ಹಣೆಯ ಮೇಲೆ ಅಂಗಾರದ ಗೆರೆ. ಅವನ ತಂದೆ ರಾಯರ ಮನೆಯ ಪುರೋಹಿತರಾಗಿದ್ದರು. ಇವನು ಬಿ.ಕಾಂ. ಮುಗಿಸಿ, ಅಲ್ಲಿ ಇಲ್ಲಿ ಗುಮಾಸ್ತನಾಗಿ, ಬಜಾರು ತೆರೆದ ವರ್ಷವೇ ಬಿಲ್ ಕೌಂಟರಿಗೆ ಸೇರಿದ್ದ. ಹನ್ನೊಂದು ವರ್ಷ ಒಂದು ದಿನವೂ ಆರತಿ ತಪ್ಪಿಸಿರಲಿಲ್ಲ. ಒಮ್ಮೆ ಮೈ ಸುಡುವ ಜ್ವರವಿದ್ದಾಗಲೂ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು ಗಂಟೆ ಬಾರಿಸಿದ್ದ. ಈ ಅಂಗಡಿ ನಡೆಯುತ್ತಿರುವುದು ತನ್ನ ಕೈಯ ದೀಪದಿಂದ ಎಂದು ಅವನು ನಿಜವಾಗಿಯೂ ನಂಬಿದ್ದ.

ಅದೇ ಅಂಗಡಿಯ ಅಕ್ಕಿ ವಿಭಾಗದಲ್ಲಿದ್ದವನು ಸಲಾವುದ್ದೀನ್. ಸತ್ಯಾತ್ಮನಿಗಿಂತ ಎಂಟು ವರ್ಷ ಚಿಕ್ಕವನು. ಅವನ ತಂದೆ ಶಾಬುದ್ದೀನ್ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬದುಕಿದವರು. ಸಲಾವುದ್ದೀನನೂ ಗಿರಣಿಯಲ್ಲೇ ಬೆಳೆದವನು. ಒಂದು ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದು, ಇದು ಈ ಸಲದ್ದು, ಇದು ಹೋದ ವರ್ಷದ್ದು, ಇದಕ್ಕೆ ನೀರು ಜಾಸ್ತಿ ಹಿಡಿಯುತ್ತದೆ ಎಂದು ಹೇಳಿಬಿಡುತ್ತಿದ್ದ. ಆದೋನಿ ಕಡೆಯಿಂದ ಬಂದ ಹೆಂಗಸರೊಂದಿಗೆ ತೆಲುಗಿನಲ್ಲಿ ಹರಟುತ್ತಿದ್ದ. ಆರತಿಯ ಹೊತ್ತಿಗೆ ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ತೀರ್ಥಕ್ಕೆ ಕೈ ಚಾಚುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಸತ್ಯಾತ್ಮನನ್ನು "ಆಚಾರ್ರೇ" ಎಂದು ಗೌರವದಿಂದಲೇ ಮಾತಾಡಿಸುತ್ತಿದ್ದ.

ಕುರುಗೋಡಿನಲ್ಲಿ ಮೂರನೆಯ ಅಂಗಡಿ ತೆರೆಯುವ ಸುದ್ದಿ ಬಂದಾಗ ಅಲ್ಲಿನ ಮ್ಯಾನೇಜರ್ ಯಾರೆಂದು ಯಾರೂ ಕೇಳಲಿಲ್ಲ, ಸತ್ಯಾತ್ಮನೇ ಎಂದು ಎಲ್ಲರೂ ತಿಳಿದಿದ್ದರು. ಅವನಂತೂ ಹೊಸ ಚಪ್ಪಲಿ ಕೊಂಡು ಇಟ್ಟುಕೊಂಡಿದ್ದ. ಒಂದು ಮಧ್ಯಾಹ್ನ ರಾಯರು ಬಂದು ಅವನನ್ನು ಪಕ್ಕಕ್ಕೆ ಕರೆದರು.

"ಸತ್ಯಾ, ಕುರುಗೋಡಿಗೆ ಸಲಾವುದ್ದೀನನ್ನ ಹಾಕಬೇಕಂತ ಮಾಡೀನಿ. ಅಲ್ಲೆ ಅಕ್ಕೀದೇ ವ್ಯಾಪಾರ. ನೀ ಏನಂತೀ?"

"ನಾ ಏನನ್ಲಿ ರಾಯ್ರೇ. ನಿಮ್ಮ ಮನಸ್ಸು."

"ನೀ ಇಲ್ಲೇ ಇರಬೇಕಪಾ. ನೀ ಹೋದ್ರ ಇಲ್ಲೆ ಆರತಿ ಎತ್ತೋರು ಯಾರು?"

ರಾಯರು ಅದನ್ನು ಮೆಚ್ಚುಗೆಯಿಂದಲೇ ಹೇಳಿದ್ದರು. ಸತ್ಯಾತ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಸಂಜೆ ಮನೆಯಲ್ಲಿ ಹೆಂಡತಿ ಸುಮೇಧಾ ಶಾಲೆಯ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದಳು. ಊಟಕ್ಕೆ ಕೂತು ಅವನು ವಿಷಯ ಹೇಳಿದ. ಅವಳು ತಲೆಯೆತ್ತದೆ, "ಹೌದೇನು? ಛಲೋ ಆತು ಬಿಡ್ರಿ. ಪಾಪ, ಕಷ್ಟಪಟ್ಟು ದುಡೀತಾನ ಆ ಮನುಷ್ಯಾ," ಎಂದಳು. ಅವನು ತಟ್ಟೆಯ ಮುಂದಿನಿಂದ ಅರ್ಧ ಊಟಕ್ಕೇ ಎದ್ದ.

ಕುರುಗೋಡಿನ ಅಂಗಡಿ ತೆರೆದ ದಿನ ಪೂಜೆಗೆ ಸತ್ಯಾತ್ಮನೇ ಹೋಗಬೇಕಾಯಿತು. ರಾಯರ ತಾಯಿ ಲಕ್ಷ್ಮೀಬಾಯಿ, ಎಂಬತ್ತು ದಾಟಿದ ಮುದುಕಿ, ಬೀಗದ ಕೈಗೊಂಚಲನ್ನು ಸಲಾವುದ್ದೀನನ ಕೈಗೆ ಕೊಟ್ಟರು. ಅವನ ತಾಯಿ ಕುಲ್ಸುಂಬಿಯನ್ನು ಹತ್ತಿರ ಕೂರಿಸಿಕೊಂಡು, ತಾವೇ ತೆಂಗಿನಕಾಯಿ ಬಾಳೆಹಣ್ಣು ಕೊಟ್ಟು, "ಮಗನ್ನ ಛಲೋ ಬೆಳೆಸೀಯವಾ," ಎಂದರು. ಸತ್ಯಾತ್ಮ ಗಂಟೆ ಹಿಡಿದು ಅದನ್ನೇ ನೋಡುತ್ತಿದ್ದ. ತನ್ನ ತಾಯಿಗೆ ಈ ಮನೆಯವರು ಎಂದಾದರೂ ಹೀಗೆ ಹೇಳಿದ್ದರೇ ಎಂದು ನೆನಪು ಮಾಡಿಕೊಂಡ. ಹೇಳಿರಲಿಲ್ಲ. ಒಳಕೋಣೆಯಲ್ಲಿ ಮ್ಯಾನೇಜರನಿಗೆಂದು ತಂದಿಟ್ಟ ತಿರುಗುವ ಕುರ್ಚಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. ಯಾರೂ ಇಲ್ಲದಾಗ ಅದರ ಮೇಲೆ ಒಂದು ಗಳಿಗೆ ಕೂತು, ಎದ್ದು ಬಂದ.

ಅಲ್ಲಿಂದ ಮುಂದೆ ಅವನಿಗೆ ಸಲಾವುದ್ದೀನನದೇ ಧ್ಯಾನ. ಕುರುಗೋಡಿನಿಂದ ಬರುವ ಲಾರಿಯ ಚಾಲಕನನ್ನು ಕೆದಕಿ ಕೆದಕಿ ಕೇಳುವನು: ಜನ ಬರುತ್ತಾರೋ, ರಾಯರು ವಾರಕ್ಕೆ ಎಷ್ಟು ಸಲ ಹೋಗುತ್ತಾರೆ, ಹೋದರೆ ಎಷ್ಟು ಹೊತ್ತು ಇರುತ್ತಾರೆ. ಸಿರುಗುಪ್ಪಕ್ಕೆ ಬಂದ ರಾಯರು ಮಾತಿನ ನಡುವೆ "ನಮ್ಮ ಸಲಾವುದ್ದೀನ" ಅಂದರೆ ಸಾಕು, ಅವನ ಬೆರಳು ಬಿಲ್ಲಿನ ಯಂತ್ರದಲ್ಲಿ ತಪ್ಪು ಅಂಕಿ ಒತ್ತುತ್ತಿತ್ತು. ನಿದ್ದೆ ಬರುವ ತನಕ ಸಲಾವುದ್ದೀನನ ನಗು ಕಣ್ಣ ಮುಂದೆ ಬರುತ್ತಿತ್ತು. ಆ ನಗುವಿನಲ್ಲಿ ಗರ್ವ ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ. ಅದಕ್ಕೆ ಇನ್ನಷ್ಟು ಉರಿಯುತ್ತಿತ್ತು.

ಒಂದು ದಿನ ಪಕ್ಕದ ಕೌಂಟರಿನ ಶೈಲಜಾ ಸಹಜವಾಗಿ ಒಂದು ಮಾತು ಹೇಳಿದಳು. ಕುರುಗೋಡಿನಲ್ಲಿ ಇರುವವರೇ ಮೂವರು. ಶುಕ್ರವಾರ ಮಧ್ಯಾಹ್ನ ಇಬ್ಬರು ಹೆಂಗಸರು ಊಟಕ್ಕೆ ಹೋಗುತ್ತಾರೆ, ಸಲಾವುದ್ದೀನ್ ನಮಾಜಿಗೆ ಹೋಗುತ್ತಾನೆ. ಅಷ್ಟು ಹೊತ್ತು ಷಟರ್ ಅರ್ಧ ಎಳೆದಿರುತ್ತಾರೆ. ರಾಯರೇ ಒಪ್ಪಿದ್ದಾರಂತೆ. "ನನಗ ಏಕಾದಶಿ, ನಿನಗ ಶುಕ್ರವಾರ, ಅದರಾಗೇನದ ಅಂದ್ರಂತ್ರಿ," ಎಂದಳು ಶೈಲಜಾ.

ಸತ್ಯಾತ್ಮನಿಗೆ ಜ್ವರದ ದಿನ ನೆನಪಾಯಿತು. ತನಗಾಗಿ ಒಂದು ನಿಯಮವನ್ನೂ ಸಡಿಲಿಸದ ರಾಯರು ಅವನಿಗಾಗಿ ಬಾಗಿಲನ್ನೇ ಮುಚ್ಚುತ್ತಾರೆ!

ಆ ತಿಂಗಳು ಏಕಾದಶಿ ಗುರುವಾರ ಬಿತ್ತು. ಮರುದಿನ ಶುಕ್ರವಾರ ಸತ್ಯಾತ್ಮ ಆರತಿ ಮುಗಿಸಿ, ಅಪ್ಪನ ಶ್ರಾದ್ಧವೆಂದು ಶೈಲಜಾಳಿಗೆ ಹೇಳಿ ರಜೆ ಬರೆಸಿ ಕುರುಗೋಡಿನ ಬಸ್ಸು ಹತ್ತಿದ. ಅಂಗಡಿಯ ಎದುರಿನ ಟೇಲರ್ ಅಂಗಡಿಯ ನೆರಳಲ್ಲಿ ನಿಂತು ಮೊಬೈಲ್ ತೆಗೆದ. ಅರ್ಧ ಇಳಿದ ಷಟರ್, ಮೇಲೆ 'ನರಹರಿ ಬಜಾರ್' ಎಂಬ ಫಲಕ, ಬಿಸಿಲಲ್ಲಿ ಚೀಲ ಹಿಡಿದು ಕಾಯುತ್ತಿದ್ದ ಒಬ್ಬ ಹೆಂಗಸು, ಆಮೇಲೆ ತಲೆಗೆ ಟೋಪಿ ಹಾಕಿಕೊಂಡು ಬಂದು ಷಟರ್ ಎತ್ತಿದ ಸಲಾವುದ್ದೀನ್. ಒಂದು ನಿಮಿಷವೂ ಇಲ್ಲದ ವಿಡಿಯೋ. ಬಳ್ಳಾರಿಯಲ್ಲಿ ಮೊಬೈಲಿನಲ್ಲೇ ಸುದ್ದಿ ನಡೆಸುವ ಹಳೆಯ ಸಹಪಾಠಿ ವೀರಭದ್ರನಿಗೆ ಕಳಿಸಿ, "ನನ್ನ ಹೆಸರು ಬ್ಯಾಡ," ಎಂದು ಬರೆದ.

ಭಾನುವಾರ ಬೆಳಿಗ್ಗೆ ಅವನು ಊರ ಹತ್ತಿರದ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯಲ್ಲಿ ಮುಳುಗು ಹಾಕಿ ಬರುವಷ್ಟರಲ್ಲಿ ವಿಡಿಯೋ ಊರೂರು ಸುತ್ತಿತ್ತು. "ದೇವರ ಹೆಸರಿನ ಅಂಗಡಿ, ಗುರುವಾರ ಏಕಾದಶಿಗೆ ಬಂದ್, ಶುಕ್ರವಾರ ನಮಾಜಿಗೆ ಬಂದ್" ಎಂದು ವೀರಭದ್ರ ತಲೆಬರಹ ಕೊಟ್ಟಿದ್ದ. ಸೋಮವಾರ ಗಾಂಧಿನಗರದ ಅಂಗಡಿಯ ಮುಂದೆ ಒಂದು ಗುಂಪು ಕೂಗಿತು. ಮಂಗಳವಾರ ಇನ್ನೊಂದು ಗುಂಪು ಬಂತು, ಅದರ ಪ್ರಶ್ನೆಯೇ ಬೇರೆ: ಎಲ್ಲ ಧರ್ಮದವರನ್ನೂ ಆರತಿಗೆ ಯಾಕೆ ನಿಲ್ಲಿಸುತ್ತೀರಿ? ಡಬ್ಬಿ ಯಾಕೆ ನೋಡುತ್ತೀರಿ? ಹಿಂದೆ ಕೆಲಸ ಬಿಟ್ಟಿದ್ದ ದುರ್ಗಾದೇವಿ ಎಂಬಾಕೆ ಮೈಕಿನ ಮುಂದೆ, "ತತ್ತಿ ಪಲ್ಯ ತಂದಿದ್ದೆ ಅಂತ ನನ್ನ ಬಾಗಲಾಗಿಂದ ಹೊಳ್ಳಿ ಕಳಿಸಿದ್ರು. ಅವತ್ತು ಉಪವಾಸ ಇದ್ದೆ," ಎಂದಳು. ಅದು ನಿಜವೇ ಆಗಿತ್ತು. ಹಾಗೆ ವಾಪಸು ಕಳಿಸಿದವನು ಸತ್ಯಾತ್ಮ.

ಕುರುಗೋಡಿನ ಅಂಗಡಿ ಮೂರು ದಿನ ಮುಚ್ಚಿತು. ಷಟರಿನ ಮೇಲೆ ಯಾರೋ ಕೆಟ್ಟ ಮಾತು ಬರೆದು ಹೋದರು. ಮೊದಲ ದಿನ ಸತ್ಯಾತ್ಮನಿಗೆ ಎದೆ ಹಗುರಾಗಿತ್ತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಆದರೆ ಆ ಸಂಜೆಯೇ ಮೊಬೈಲಿನಲ್ಲಿ ಕುರುಗೋಡಿನ ಹೆಂಗಸರು ಕಾಣಿಸಿಕೊಂಡರು. "ಆ ಸಾಬರು ಛಲೋ ಮನಷ್ಯಾ ಅದಾನ್ರಿ. ಅರ್ಧಾ ತಾಸು ನಿಂತ್ರ ನಾವೇನ್ ಸಾಯ್ತೀವೇನು?" ಎಂದಳು ಒಬ್ಬಳು. ಚೀಲ ಹಿಡಿದು ಬಿಸಿಲಲ್ಲಿ ಕಾದಿದ್ದವಳೇ ಅವಳು. ಸತ್ಯಾತ್ಮ ಅದನ್ನು ನಾಲ್ಕು ಸಲ ನೋಡಿದ. ತನಗೆ ಹೀಗಾಗಿದ್ದರೆ ಸಿರುಗುಪ್ಪದಲ್ಲಿ ಯಾರು ಬಾಯಿ ತೆರೆಯುತ್ತಿದ್ದರು? ಒಂದು ಹೆಸರೂ ಹೊಳೆಯಲಿಲ್ಲ. ಇಷ್ಟೆಲ್ಲ ಮಾಡಿಯೂ ಸಲಾವುದ್ದೀನನೇ ಮೇಲಾದ.

ಬುಧವಾರ ರಾಯರು ಸಿರುಗುಪ್ಪಕ್ಕೆ ಬಂದರು. ವಾರದಲ್ಲೇ ಮುಖ ಇಳಿದಿತ್ತು. ಎಲ್ಲರನ್ನೂ ಸೇರಿಸಿ, ನಿಂತುಕೊಂಡೇ ಹೇಳಿದರು.

"ಏಕಾದಶಿ ನಾ ಬಿಡೂದಿಲ್ಲ. ತತ್ತಿ ಮಾರೂದಿಲ್ಲ. ಅದು ನನ್ನ ನೇಮ, ಯಾರು ಏನರ ಅನ್ಲಿ. ಆದ್ರ ನನ್ನ ನೇಮ ನಿಮ್ಮ ತಲಿ ಮ್ಯಾಲೆ ಹೇರಿದ್ದು ತಪ್ಪು. ನಾಳಿಂದ ಆರತಿಗೆ ನಿಂದ್ರೋರು ನಿಂದ್ರಿ, ಬ್ಯಾಡಾದೋರು ಬ್ಯಾಡ. ಯಾರ ಡಬ್ಬೀನೂ ಯಾರೂ ತಗದು ನೋಡಬಾರದು. ಸಲಾವುದ್ದೀನ ಕುರುಗೋಡಿನಾಗೇ ಇರ್ತಾನ. ಶುಕ್ರವಾರ ಬಾಗಲಾ ಮುಚ್ಚತದ."

ಆಮೇಲೆ ಹಾಜರಿ ಪುಸ್ತಕ ತಿರುವಿ ನೋಡಿ, ಸತ್ಯಾತ್ಮನನ್ನು ಒಳಗೆ ಕರೆದರು.

"ಶುಕ್ರವಾರ ಅಪ್ಪಾವ್ರ ಶ್ರಾದ್ಧ ಅಂತ ಬರಿಸೀ?"

"ಹೌದ್ರಿ."

"ನಿಮ್ಮಪ್ಪಾವ್ರು ಹೋದದ್ದು ಮಾರ್ಗಶಿರ ಬಹುಳ ಪಂಚಮಿ. ನನ್ನ ಕೈಯಾಗೇ ಜೀವಾ ಬಿಟ್ರು. ಪ್ರತಿ ವರ್ಷ ಆ ದಿನಾ ಅವರ ಹೆಸರಲೆ ಒಂದು ತುಳಸಿ ದಳ ಹಾಕ್ತೀನಿ. ಶುಕ್ರವಾರ ದ್ವಾದಶಿ ಇತ್ತು, ಸತ್ಯಾ. ಅಪ್ಪನ ಹೆಸರಲೆ ಸುಳ್ಳು ಹೇಳಿ ಎಲ್ಲಿಗೆ ಹೋಗಿದ್ದಿ?"

ಸತ್ಯಾತ್ಮ ನೆಲ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟ. ರಾಯರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಕೆಲಸದಿಂದ ತಗಿಯೂದಿಲ್ಲ. ಗಾಂಧಿನಗರದ ಗೋದಾಮಿಗೆ ಬಾ. ಆದ್ರ ಇನ್ನ ಮುಂದ ನನ್ನ ಅಂಗಡಿಯೊಳಗ ನೀ ಆರತಿ ಎತ್ತಬ್ಯಾಡ. ಮತ್ತ, ಸಲಾವುದ್ದೀನಗ ನೀನೇ ಹೋಗಿ ಹೇಳು. ನಾ ಹೇಳೂದಿಲ್ಲ."

ಸತ್ಯಾತ್ಮನಿಗೆ ಹೋಗಲು ಹನ್ನೊಂದು ದಿನ ಹಿಡಿಯಿತು. ಎಲ್ಲ ಕೇಳಿಕೊಂಡ ಸುಮೇಧಾ ಬೈಯಲಿಲ್ಲ, ಅಳಲಿಲ್ಲ. ದಿನಾ ಬೆಳಿಗ್ಗೆ "ಹೋಗಿ ಬಂದ್ರೇನು?" ಎಂದಷ್ಟೇ ಕೇಳುತ್ತಿದ್ದಳು. ಕೊನೆಗೊಂದು ಭಾನುವಾರ ಅವನು ಸಿರುಗುಪ್ಪದಲ್ಲೇ ಇದ್ದ ಸಲಾವುದ್ದೀನನ ಮನೆಗೆ ಹೋದ. ಕುಲ್ಸುಂಬಿ ಬಾಗಿಲು ತೆರೆದಳು. ಆಚಾರ್ರು ಬಂದಿದ್ದಾರೆಂದು ಗಡಬಡಿಸಿ ಕುರ್ಚಿ ಒರೆಸಿ, ಮನೆಯ ನೀರು ಕುಡಿಯುತ್ತಾರೋ ಇಲ್ಲವೋ ಎಂದು ಎರಡು ಬಾಳೆಹಣ್ಣು ತಂದಿಟ್ಟಳು. ಒಳಗೆ ಸಲಾವುದ್ದೀನನ ಹೆಂಡತಿ ಸುಹಾನಾ ಏನೋ ಹೇಳಿ ನಕ್ಕಳು, ಅವನೂ ನಗುತ್ತಲೇ ಹೊರಗೆ ಬಂದ. ಈ ಮನೆಯಲ್ಲಿ ಇನ್ನೂ ನಗು ಇದೆಯಲ್ಲ ಎಂದು ಸತ್ಯಾತ್ಮನಿಗೆ ಆಗಲೂ ಚುಚ್ಚಿತು.

"ಆ ವಿಡಿಯೋ ಮಾಡಿದಾಂವ ನಾನು," ಎಂದ.

ಸಲಾವುದ್ದೀನನ ನಗು ನಿಂತಿತು. "ನೀವಾ? ಯಾಕ್ರಿ ಆಚಾರ್ರೇ? ನಾ ನಿಮಗೇನ್ ಮಾಡಿದ್ನಿ?"

"ಏನೂ ಮಾಡಿಲ್ಲ. ನಿನ್ನ ಕಂಡ್ರ ಹೊಟ್ಟಿ ಉರೀತದ. ಕುರುಗೋಡಿನ ಕುರ್ಚಿ ನನ್ನದು ಅಂತ ತಿಳಕೊಂಡಿದ್ದೆ. ಖರೇ ಹೇಳ್ತೀನಿ, ಈಗೂ ಉರೀತದ. ಆದ್ರ ಮಾಡಿದ್ದು ತಪ್ಪು."

ಸಲಾವುದ್ದೀನ್ ಹೊಸ್ತಿಲ ಮೇಲೆ ಕೂತ.

"ಕುರ್ಚಿ ಬೇಕು ಅಂತ ಒಂದು ಮಾತು ಅಂದಿದ್ರ ನಾನೇ ಸಾವ್ಕಾರ್ರಿಗೆ ಹೇಳ್ತಿದ್ನಿ. ಆ ಮೂರು ದಿನ ನಮ್ಮವ್ವ ನನ್ನ ಹೊರಗ ಬಿಡಲಿಲ್ಲರಿ. ಯಾರರ ಹೊಡದಾರು ಅಂತ ಬಾಗಲಾಗ ಅಡ್ಡ ಕುಂತಿದ್ಲು. ನನಗ ಮಾಡಿದ್ದು ಬಿಡ್ರಿ. ಅಕಿ ಹಂಗ ಕುಂತಿದ್ದು ನಾ ಮರೆಯಾಕ ಆಗೂದಿಲ್ಲ."

ಒಳಗಿನಿಂದ ಕುಲ್ಸುಂಬಿ, "ಬಾಳೆಹಣ್ಣು ತಿಂದ್ರೇನಪಾ ಆಚಾರ್ರು?" ಎಂದು ಕೂಗಿ ಕೇಳಿದಳು. ಸತ್ಯಾತ್ಮ ಒಂದು ಹಣ್ಣು ಸುಲಿದು, ಪೂರ್ತಿ ತಿಂದು ಎದ್ದ.

ಈಗ ಅವನು ದಿನಾ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋಗುತ್ತಾನೆ. ಗಾಂಧಿನಗರದ ಗೋದಾಮಿನಲ್ಲಿ ಮೂರೂ ಅಂಗಡಿಗಳಿಗೆ ಸಾಮಾನು ಕಳಿಸುವ ಕೆಲಸ. ಸಿರುಗುಪ್ಪದಲ್ಲಿ ಶೈಲಜಾ ದೀಪ ಹಚ್ಚುತ್ತಾಳೆ, ಇಬ್ಬರೋ ಮೂವರೋ ಜೊತೆಗೆ ನಿಲ್ಲುತ್ತಾರೆ. ಕೂಗಿದ ಗುಂಪುಗಳು ಬೇರೆ ವಿಷಯ ಹಿಡಿದು ಹೋದವು. ದುರ್ಗಾದೇವಿಯನ್ನು ರಾಯರು ವಾಪಸು ಕರೆದರು, ಅವಳು ಬರಲಿಲ್ಲ.

ಪ್ರತಿ ಸೋಮವಾರ ಕುರುಗೋಡಿನಿಂದ ಬೇಕಾದ ಸಾಮಾನಿನ ಪಟ್ಟಿ ಬರುತ್ತದೆ. ಈ ವಾರವಾದರೂ ಚಿಕ್ಕದಿರಲಿ ಎಂದು ಸತ್ಯಾತ್ಮ ಒಳಗೊಳಗೇ ಬಯಸುತ್ತಾನೆ. ಮೂರರಲ್ಲಿ ಅದೇ ಉದ್ದವಾಗಿರುತ್ತದೆ. ಅದನ್ನು ಎರಡು ಸಲ ಓದುತ್ತಾನೆ, ಒಂದು ಮೂಟೆಯೂ ಬಿಟ್ಟುಹೋಗದಂತೆ ಲಾರಿಗೆ ಏರಿಸುತ್ತಾನೆ, ಆಮೇಲೆ ಬಚ್ಚಲಿಗೆ ಹೋಗಿ ಉರಿಯುವ ಮುಖ ತೊಳೆದುಕೊಳ್ಳುತ್ತಾನೆ.