ಹಳದಿ ಗೆರೆ, ಹಿತುಕಿದ ಬೇಳೆ

ಮಳವಳ್ಳಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟಷ್ಟು ವರ್ಷವೂ ನಾನು ಕರಿಹಲಗೆಯ ಮೇಲೆ ಎರಡು ಗೆರೆ ಎಳೆದಿದ್ದೇನೆ. ಹಳದಿ ಸೀಮೆಸುಣ್ಣದ್ದು ಜಪಾನ್, ಬಿಳಿಯದು ನಮ್ಮದು. ಎರಡು ದೇಶದ ಜನ ತಲಾ ಎಷ್ಟು ಖರ್ಚು ಮಾಡಿ ಉಣ್ಣುತ್ತಾರೆ, ಉಡುತ್ತಾರೆ, ವರ್ಷದಿಂದ ವರ್ಷಕ್ಕೆ ಅದು ಹೇಗೆ ಏರುತ್ತದೆ ಎಂದು ತೋರಿಸುವ ಗೆರೆಗಳು. ಹಳದಿಯದು ಹಲಗೆಯ ನೆತ್ತಿ ಮುಟ್ಟುತ್ತಿತ್ತು. ನಮ್ಮದು ಕೆಳಗೆ ತೆವಳುತ್ತಿತ್ತು.

ಒಂದು ಸಲ ಹಲಗೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟೊಂದು ಕರ್ಚು ಮಾಡ್ತಾರಲ್ಲ ಮೇಡಂ, ಅವ್ರ ಮನೇಲಿ ಅಸ ಇಲ್ವಾ?" ಎಂದಳು. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಹಸು ಕಟ್ಟಿದ ಅವಳ ಮನೆಯಲ್ಲಿ ಹಾಲು, ಸೊಪ್ಪು, ತೆಂಗಿನಕಾಯಿಗೆ ಯಾರೂ ಕಾಸು ಬಿಚ್ಚುವುದಿಲ್ಲ; ಖರ್ಚು ಎಂದರೆ ಇಲ್ಲದವರ ಕಷ್ಟ ಎಂದೇ ಅವಳು ತಿಳಿದಿದ್ದಳು. ಮನೆಯಲ್ಲಿ ಬೆಳೆದದ್ದಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ಹೇಳಿ ಕೂರಿಸಿದೆ. ಆದರೆ ಮಂಡ್ಯದ ಬಸ್ಸಿನಲ್ಲಿ ಕೂತಾಗ ನೆನಪಿಗೆ ಬಂದದ್ದು ನಮ್ಮೂರು ಕೊತ್ತತ್ತಿಯ ಮನೆಯ ಜಗಲಿ. ಅದಕ್ಕೆ ಯಾವ ಪುಣ್ಯಾತ್ಮನೂ ಬೆಲೆ ಕಟ್ಟಿರಲಿಲ್ಲ.

ಮಾಗಿಯಲ್ಲಿ ಅವರೆಕಾಯಿ ಬಂತೆಂದರೆ ಅವ್ವ ಬೆಳಿಗ್ಗೆಯೇ ಕಾಳು ನೆನೆಹಾಕುವಳು. ಸಂಜೆಗೆ ಬೀದಿಯ ಹೆಂಗಸರೆಲ್ಲ ಕರೆಯದೆಯೇ ಬಂದು ಸುತ್ತ ಕೂರುವರು. ಬೆರಳಲ್ಲಿ ಒತ್ತಿದರೆ ಬೇಳೆ ಪುಸಕ್ಕನೆ ಸಿಪ್ಪೆ ಬಿಟ್ಟು ಎದುರಿನವಳ ಮಡಿಲಿಗೆ ಹಾರುತ್ತಿತ್ತು. ಯಾರ ಸೊಸೆ ಮುನಿಸಿಕೊಂಡಳು, ಯಾರ ಗದ್ದೆಗೆ ನಾಲೆ ನೀರು ಬರಲಿಲ್ಲ, ಎಲ್ಲ ಅಲ್ಲೇ ಇತ್ಯರ್ಥ. ಅವ್ವನ ಗಂಟಲು ಎಲ್ಲರಿಗಿಂತ ಜೋರು. ಹಿತುಕಿದವರ ಮನೆಗೆಲ್ಲ ಒಂದೊಂದು ಬಟ್ಟಲು ಸಾರು. ಅಯ್ಯೋ, ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು!

ಬಿಳಿ ಗೆರೆಯೂ ಏರತೊಡಗಿದ ಕಾಲಕ್ಕೆ ಅವ್ವ ಮಂಡ್ಯದ ನನ್ನ ಮನೆಗೆ ಬಂದಳು. ಬಂದವಳು ಮಾತು ಬಿಟ್ಟಳು. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ, ಅಷ್ಟೇ. ಆ ಗಂಟಲು ಮತ್ತೆ ಕೇಳಬೇಕೆಂದು ನಾನು ಏನೆಲ್ಲ ಸರ್ಕಸ್ ಮಾಡಿದೆ: ಟಿವಿ, ದೇವಸ್ಥಾನ, ಮದ್ದೂರಿನಿಂದ ವಡೆ. ಅವರೆಕಾಯಿಯ ಕಾಲ ಬಂದಾಗ, ಅವಳ ಬೆರಳು ನೋಯುವುದು ಬೇಡವೆಂದು, ಮಾರ್ಕೆಟ್ಟಿನಿಂದ ಹಿತುಕಿದ ಬೇಳೆಯ ಪ್ಯಾಕೆಟ್ಟನ್ನೇ ತಂದೆ. ನನ್ನ ಪಾಠದ ಪ್ರಕಾರ ಅಷ್ಟರಮಟ್ಟಿಗೆ ನಮ್ಮ ಗೆರೆ ಏರಿತು.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಯಾರಮ್ಮಿ ಇದ್ನ ಇತುಕ್ದೋರು?"

"ಯಾರೋ, ಗೊತ್ತಿಲ್ಲ ಕಣವ್ವ."

"ಏನ್ ಮಾತಾಡ್ಕಂಡ್ ಇತುಕುದ್ರೋ" ಎಂದು ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟಳು.

ಮಾರನೆಯ ದಿನ ಕಾಯಿ ತಂದು, ಸುಲಿದು, ನೆನೆಹಾಕಿ, ನಾಚಿಕೆ ಬಿಟ್ಟು ಅಕ್ಕಪಕ್ಕದವರನ್ನು ಕರೆದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಎದುರುಮನೆಯಾಕೆ ಮೊದಲ ಕಾಳು ಒತ್ತಿದ್ದೇ ತಡ, ಬೇಳೆ ಹಾರಿ ಅವ್ವನ ಕೆನ್ನೆಗೆ ಬಡಿಯಿತು.

"ಅಯ್, ಅಂಗಲ್ಲ ಕಣಮ್ಮಿ! ಕಾಳಿನ್ ಮೂತಿ ಕೆಳೀಕ್ ಮಾಡಿ ಒತ್ತು. ನಿಮ್ಮವ್ವ ಏನ್ ಕಲಿಸುದ್ಲು ನಿಂಗೆ?"

ಆ ಗಂಟಲು ರಸ್ತೆಗೆ ಕೇಳಿಸಿತು. ನನಗೆ ಅಳು ಬಂತು. ಒಳಗೆ ಹೋಗಿ ಬಟ್ಟಲು ಜೋಡಿಸುತ್ತಾ ನಿಂತೆ.

ಸಾರು ಕುದಿದು, ಎಲ್ಲರೂ ಬಟ್ಟಲು ಹಿಡಿದು ಹೊರಟ ಮೇಲೆ ಅವ್ವ ಸಿಪ್ಪೆ ಒಟ್ಟು ಮಾಡುತ್ತಾ ಹೇಳಿದಳು: "ನಾಳೀಕೂ ನೆನೆ ಆಕು. ಆ ಬ್ಯಾಂಕ್ನವಳು ಅವರತ್ತೆ ಇಸ್ಯ ಅರ್ಧಕ್ಕೇ ಬುಟ್ ಓಗವ್ಳೆ."