ಕಪ್ಪು ಬಂಡೆಯ ಮೇಲೆ ಮುಸುರೆ ಪಾತ್ರೆ

ಮೂರು ಗಂಟೆಗೆ ಎದ್ದು ಹಾಲು ಕಾಯಿಸಿದಳು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದಳು. ಒಂಬತ್ತು ಜನಕ್ಕೆ ಚಿತ್ರಾನ್ನ ಕಲಸಿ, ಮೊಸರನ್ನ ಹುಳಿಯಾಗದಂತೆ ಹಾಲು ಬೆರೆಸಿ, ಅತ್ತೆಯ ಮಾತ್ರೆ ಎಣಿಸಿಟ್ಟು, ಗಂಡನ ಟವೆಲು ಹುಡುಕಿ, ಮಗಳಿಗೆ ಜಡೆ ಹಾಕಿದಳು. ಶಿಕಾರಿಪುರದ ಆ ಬೀದಿ ಏಳುವ ಮೊದಲೇ ವಾಗ್ದೇವಿಗೆ ಒಂದು ದಿನದ ಕೆಲಸ ಮುಗಿದಿತ್ತು. ಸೊರಬದಲ್ಲಿ ಹುಟ್ಟಿದ, ಶಾಲೆಯಲ್ಲಿ ಗಣಿತ ಹೇಳಿಕೊಡುವ ಅವಳು ಮದುವೆಯಾದ ಹದಿನಾರು ವರ್ಷಕ್ಕೆ ಸಮುದ್ರ ನೋಡಲು ಹೊರಟಿದ್ದಳು.

ಮಲ್ಪೆಯಿಂದ ದೋಣಿ ಹತ್ತಿ ದ್ವೀಪಕ್ಕೆ ಇಳಿದಾಗ ಹನ್ನೆರಡರ ಬಿಸಿಲು. ಕರಗಿದ ಕಲ್ಲು ಹರಿದು ತಣ್ಣಗಾಗಿ ಕಂಬಗಳಾಗಿ ನಿಂತಿದೆ ಎಂದು ಮಗಳು ಅರ್ಚಿತಾ ಫಲಕ ಓದಿ ಹೇಳಿದಳು. ಕಂಬಗಳು ಒಂದಕ್ಕಿಂತ ಒಂದು ಗಿಡ್ಡವಾಗುತ್ತ ನೀರಿಗೆ ಇಳಿದಿದ್ದವು. ಅವುಗಳ ಈಚೆ ಕೆಂಪು ಹಗ್ಗ ಕಟ್ಟಿತ್ತು. ಕಾವಲಿನ ಹುಡುಗಿ ಶಿಳ್ಳೆ ಹಿಡಿದು ನಿಂತಿದ್ದಳು.

"ಹಗ್ಗ ದಾಟ್ಬೇಡಿ ಮಾರ್ರೆ. ಪಾಚಿ ಉಂಟು. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುದು ಬೇಡ. ನೀರು ಏರುವ ಹೊತ್ತು."

ನೆರಳಲ್ಲಿ ಊಟವಾಯಿತು. ಮೈದುನ ಮೊಸರನ್ನ ಉಳಿದ ತಟ್ಟೆಯಲ್ಲೇ ಕೈ ತೊಳೆದ. ಮಾವ ಅಗಿದ ಮೆಣಸಿನಕಾಯಿ ಅಲ್ಲೇ ಉಗಿದರು. ವಾಗ್ದೇವಿ ಅದನ್ನು ಬೆರಳಿನಿಂದ ಎತ್ತಿ ಚೀಲಕ್ಕೆ ಹಾಕಿದಳು. ಅವಳ ಪಾಲಿಗೆ ತಳ ಹಿಡಿದ ಅನ್ನ ಉಳಿದಿತ್ತು, ಅದೂ ಬೇಡವೆನಿಸಿತು.

"ಬೆಳಿಗ್ಗೆ ದೇವಸ್ಥಾನದಲ್ಲಿ ಕೊಟ್ಟ ಪ್ರಸಾದ ಗಾಡಿಯಲ್ಲಿದೆ, ಮುಸುರೆ ಪಾತ್ರೆ ಅದರ ಜೊತೆ ಬರಕೂಡ್ದು ನೋಡೇ," ಎಂದರು ಅತ್ತೆ ರಾಜೇಶ್ವರಮ್ಮ. ಅನ್ನ ಅಂಟಿದ ಪಾತ್ರೆ ತೊಳೆಯದೆ ಬೇರೆ ಸಾಮಾನಿಗೆ ತಾಗಿಸುವುದು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ. "ಕುಡಿಯೋ ನೀರು ಮುಟ್ಟಬೇಡ. ಇಷ್ಟು ನೀರಿದೆಯಲ್ಲ ಮುಂದೆ!"

"ಅತ್ತೆ, ಹಗ್ಗ ದಾಟಬೇಡಿ ಅಂದ್ರಲ್ಲ."

ಗಂಡ ಗಣಪಯ್ಯ ಟವೆಲು ಹಾಸಿ ಮಲಗಿದ್ದ. ವಕೀಲ. "ನಮ್ಮ ಕೆರೆ ಸೋಪಾನದ ಹಾಗೇ ಇದೆ ಕಣೇ. ಮೆಟ್ಟಿಲು ಮೆಟ್ಟಿಲು. ನೀನೇನು ಈಜೋಕೆ ಹೋಗ್ತೀಯಾ?" ಎಂದ.

ಕೆರೆಯ ನೀರು ಇದ್ದಲ್ಲೇ ಇರುತ್ತದೆ. ಅವಳಿಗೂ ಗೊತ್ತಿದ್ದ ನೀರು ಅದೊಂದೇ. ಕಾವಲಿನ ಹುಡುಗಿ ಆ ಕಡೆ ಹೋದಾಗ ಪಾತ್ರೆ ಹಿಡಿದು ಹಗ್ಗದಡಿ ನುಸುಳಿ, ಎರಡು ಕಂಬ ಇಳಿದು ಕುಳಿತಳು. ಸೌಟು ಅದ್ದಿದಳು. ಮುಂದಿನ ಅಲೆ ಕಾಲಿಗೆ ಬರಲಿಲ್ಲ, ಎದೆಗೇ ಬಂತು. ಪಾಚಿಯ ಮೇಲೆ ಮೊಳಕಾಲು ಜಾರಿತು. ಕಲ್ಲಿನ ಸಂದಿಗೆ ಬೆರಳು ತೂರಿಸಿ ಹಿಡಿದಳು, ಉಗುರು ಕಿತ್ತುಬಂತು. ಸೌಟು ಹೋಯಿತು. ಶಿಳ್ಳೆ ಕಿರುಚಿತು.

"ಎಂತ ಅಕ್ಕಾ ನೀವು! ಪಾತ್ರೆ ತೊಳೆಯುವ ಜಾಗವಾ ಇದು?"

ಒದ್ದೆ ಸೀರೆಯಲ್ಲಿ ಪಾತ್ರೆ ಸಮೇತ ಬಂದವಳನ್ನು ನೋಡಿ ಮೈದುನ ನಕ್ಕ. "ಅತ್ತಿಗೆ ಸಮುದ್ರಸ್ನಾನ ಮಾಡ್ಕೊಂಡ್ರು."

"ಸೌಟು?" ಎಂದರು ರಾಜೇಶ್ವರಮ್ಮ.

"ಹೋಯ್ತು."

"ಹೋಗ್ಲಿ ಬಿಡಮ್ಮ," ಗಣಪಯ್ಯ ಕಣ್ಣು ತೆರೆಯದೆ ಹೇಳಿದ. "ಉಳಿದಿದ್ದು ತೊಳ್ಕೊಂಬಾ ಕಣೇ. ಈ ಸಲ ಅರ್ಚಿತಾನ್ನ ಕರ್ಕೊಂಡು ಹೋಗು, ಸೆರಗು ಹಿಡ್ಕೊಳ್ಳೋಕೆ."

ಅರ್ಚಿತಾ ಎದ್ದೇ ಬಿಟ್ಟಳು. ಹನ್ನೆರಡು ವರ್ಷದ ಹುಡುಗಿ ಯಾರೂ ಹೇಳಿಕೊಡದೆ ಫ್ರಾಕು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ ಮುಸುರೆ ಪಾತ್ರೆಗೆ ಕೈ ಹಾಕಿದಳು. ಆ ಬಗ್ಗುವಿಕೆಯಲ್ಲಿ ವಾಗ್ದೇವಿಗೆ ತನ್ನದೇ ಬೆನ್ನು ಕಂಡಿತು. ಗಂಡನ ಮೇಲೆ ಬಂದ ಹೇಸಿಗೆಗಿಂತ ದೊಡ್ಡ ಹೇಸಿಗೆ, ಹದಿನಾರು ವರ್ಷ ತಾನು ಹೇಳಿದ "ಆಯ್ತು"ಗಳ ಮೇಲೆ ಬಂತು.

"ಬಿಡು ಅದನ್ನ," ಎಂದಳು ಮಗಳಿಗೆ.

ದಡದಲ್ಲಿ ದೋಣಿಯೊಂದು ಹೊರಡಲು ತಯಾರಾಗಿತ್ತು. ಎರಡು ಜಾಗ ಉಂಟೆಂದು ದೋಣಿಯವನು ಕೂಗುತ್ತಿದ್ದ. ತೊಳೆಯದ ಪಾತ್ರೆಗಳನ್ನು ಅವಳು ಗಣಪಯ್ಯನ ತಲೆಯ ಪಕ್ಕ, ಟವೆಲಿನ ಅಂಚಿಗೇ ಇಟ್ಟಳು. ಹಿಂದಿನಿಂದ ಅತ್ತೆ ಕರೆದರು. ವಾಗ್ದೇವಿ ಮಗಳ ಕೈ ಹಿಡಿದು ನಡೆದಳು, ದೋಣಿಯಲ್ಲಿ ಕುಳಿತು ಮೊದಲು ಮಗಳ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದಳು, ಆಮೇಲೆ ತನ್ನದು.