ತಲೆ ತಗ್ಗಿಸಿದ ಫಿಯೆಟ್

ತಮಿಳುನಾಡಿನ ಧರ್ಮಪುರಿ ಪಕ್ಕದ ನಲ್ಲಂಪಳ್ಳಿಯ ಸುತ್ತಮುತ್ತ ಕುರಿ ಸಾಕುವವರಲ್ಲಿ ಕಾರು ಇರುವವರು ಇನ್ನೂ ಕೆಲವರಿದ್ದಾರೆ. ಆದರೆ ಕುರಿ ಕೊಟ್ಟು ಕಾರು ತಂದವನು ಚಿಕ್ಕಣ್ಣ ಒಬ್ಬನೇ. ಧರ್ಮಪುರಿಯ ಮೇಷ್ಟರೊಬ್ಬರ ಮನೆಯ ಬೀಗರೂಟಕ್ಕೆ ಟಗರುಗಳನ್ನು ಹೊಡೆದುಕೊಂಡು ಹೋದವನು, ಬರುವಾಗ ಅವರ ಹಳೇ ತಿಳಿನೀಲಿ ಫಿಯೆಟ್ಟಿನ ಸ್ಟೇರಿಂಗ್ ಹಿಡಿದು ಬಂದಿದ್ದ. ಮಂದೆಯ ಹಿಂದೆ ನಡೆಯುವ ನಿಧಾನದಲ್ಲೇ ಅದನ್ನೂ ಓಡಿಸುತ್ತಿದ್ದ. ಹಿಂದಿನಿಂದ ಲಾರಿಯವನು ಎಷ್ಟು ಹಾರನ್ ಹೊಡೆದರೂ ತಿರುಗಿ ನೋಡುವ ಜಾಯಮಾನ ಅವನದಲ್ಲ.

ಕುರಿಯ ವಿಷಯಕ್ಕೆ ಬಂದರೆ ಚಿಕ್ಕಣ್ಣನ ಮಾತಿಗೆ ಎದುರು ಮಾತಿಲ್ಲ. ಕಾಲೆಳೆಯುವ ಕುರಿಯನ್ನು ದೂರದಿಂದಲೇ ನೋಡಿ, ಮುಳ್ಳೋ ಗೊರಸಿನ ಹುಣ್ಣೋ ಹೇಳಿಬಿಡುತ್ತಿದ್ದ. ಅವನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ನೋಡುತ್ತಿದ್ದ. ನೋಡಿದ್ದಕ್ಕೆ ಮದ್ದು ಮಾಡುತ್ತಿದ್ದ. ಮನುಷ್ಯರ ಜೊತೆಗೂ ಅದೇ ಅಭ್ಯಾಸ, ಅದೇ ಅವನಿಗೆ ಬಂದ ತೊಂದರೆ.

ಹೆಂಡತಿ ಗಂಗಲಕ್ಷ್ಮಮ್ಮ ಅವನ ಅಕ್ಕನ ಮಗಳೇ. ಮದುವೆಗೆ ಮುಂಚೆ ಮಾವ ಅಂದವಳು ಈಗಲೂ ಮಾವ ಅಂತಲೇ ಕರೆಯುತ್ತಾಳೆ. ಅವಳ ಎರಡೂ ಮಂಡಿ ಕೆಟ್ಟು ಕೂತಿವೆ. ಬಸ್ಸಿನ ಮೆಟ್ಟಿಲು ಕನಸಿನ ಮಾತಾಯಿತು. ಮಗಳು ಶಶಿಕಲಾಳನ್ನು ಎಡಪ್ಪಾಡಿಗೆ, ಮಗ್ಗದ ಮನೆಯವರಿಗೆ ಕೊಟ್ಟಿದೆ. ಬಾಣಂತನ ಮಾಡಬೇಕಾದ ತಾಯಿಯೇ ಮಂಡಿ ಹಿಡಿದು ಕೂತಿದ್ದರಿಂದ ಅವಳು ಗಂಡನ ಮನೆಯಲ್ಲೇ ಹೆತ್ತಳು. ಹುಟ್ಟಿದ ಹೆಣ್ಣುಮಗುವನ್ನು ಗಂಗಲಕ್ಷ್ಮಮ್ಮ ಇನ್ನೂ ಫೋನಿನಲ್ಲಿ ಮಾತ್ರ ನೋಡಿದ್ದಾಳೆ. ಬರುವ ಭಾನುವಾರ ತೊಟ್ಟಿಲ ಶಾಸ್ತ್ರ. ಮಗುವನ್ನು ಮೊದಲು ತೊಟ್ಟಿಲಿಗೆ ಹಾಕಬೇಕಾದವಳು ತಾಯಿಯ ತಾಯಿ.

ಹಿಂದೊಮ್ಮೆ ಆಸ್ಪತ್ರೆಗೆಂದು ಹೊರಟಾಗ ಅವಳು ಕಾರಿನ ಬಾಗಿಲು ಹಿಡಿದು ನಿಂತವಳು ನಿಂತೇ ಇದ್ದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ತಿರುಗಿ ಮನೆಯೊಳಗೆ ಹೋಗಿಬಿಟ್ಟಳು. ಚಿಕ್ಕಣ್ಣ ಇದನ್ನು ನೋಡಿದ, ನೋಡಿ ತೀರ್ಮಾನಿಸಿದ. ಕುರಿಗಳನ್ನು ಸಂತೆಗೆ ಒಯ್ಯಲು ಗಾಡಿಗೆ ಹತ್ತಿಸುವಾಗ ಕುಂಟುವ ಕುರಿ ಹೀಗೇ ಹಲಗೆಯ ಮುಂದೆ ನಿಂತುಬಿಡುತ್ತದೆ. ಗಾಡಿಯನ್ನು ತಗ್ಗಿನಲ್ಲಿ ನಿಲ್ಲಿಸಿದರೆ ಟಣ್ಣನೆ ಹತ್ತುತ್ತದೆ. ಹಾಗಾದರೆ ತಪ್ಪು ಮಂಡಿಯದಲ್ಲ, ಕಾರಿನ ಎತ್ತರದ್ದು ಎಂದುಕೊಂಡ. ಅಂದಿನಿಂದ ಹೆಂಡತಿ ಹೊಸ್ತಿಲು ದಾಟುವಾಗ ಅವಳ ಪಾದ ಎಷ್ಟು ಮೇಲೇಳುತ್ತದೆ ಎಂದು ಗಮನಿಸಿ, ತನ್ನ ಕುರಿ ಕಾಯುವ ಕೋಲಿನ ಮೇಲೆ ಮಚ್ಚಿನಿಂದ ಗುರುತು ಹಾಕಿಕೊಂಡ. ಅವಳಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

ಓಮಲೂರಿನ ರಸ್ತೆಯಲ್ಲಿ ನೆಲಕ್ಕೆ ಹೊಟ್ಟೆ ಒರೆಸಿಕೊಂಡು ಹೋಗುವ ಹಳೇ ಕಾರುಗಳನ್ನು ಅವನು ಕಂಡಿದ್ದ. ಹಾಗೆ ಕಾರು ತಗ್ಗಿಸಿಕೊಡುವ ಕುಪ್ಪಸ್ವಾಮಿಯ ಶೆಡ್ಡೂ ಅಲ್ಲೇ ಇತ್ತು. ಕುಪ್ಪಸ್ವಾಮಿ ಮೆಟ್ಟೂರು ಕಡೆಯ ಕನ್ನಡದವನು, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು.

"ಎನ್ನಣ್ಣೇ, ಈ ವಯಸ್ನಾಗೆ ನಿಂಗೂ ಈ ಆಸೆ ಬಂತಾ?" ಎಂದು ಕುಪ್ಪಸ್ವಾಮಿ ನಕ್ಕ. "ಕಾಲೇಜು ಐಕ್ಳು ಕೇಳ್ತವೆ, ಮಾಡ್ಕೊಡ್ತೀನಿ. ಕುರಿ ಮೇಯ್ಸೋನಿಗೆ ಎದುಕ್ಕು?"

ಹೆಂಡತಿಯ ಮಂಡಿಗಾಗಿ ಎಂದು ಹೇಳಲು ಚಿಕ್ಕಣ್ಣನಿಗೆ ನಾಚಿಕೆಯಾಯಿತು. "ಬಂತು ಅಂತ್ಲೇ ಇಟ್ಕೋ. ಇಳ್ಸು," ಎಂದ.

"ಮುಂದೆ ಸುರುಳಿ ಸ್ಪ್ರಿಂಗು, ಒಂದು ಸುತ್ತು ಕುಯ್ದ್ರೆ ಇಳೀತದೆ. ಇಂದೆ ಪಟ್ಟೆ ಸ್ಪ್ರಿಂಗು, ಅದರ ಕೆಲ್ಸ ಬೇರೆ. ಎರಡೂ ಮಾಡ್ಬೇಕು."

"ಇಂದೆ ಯಾರೂ ಕೂರಲ್ಲ. ಮುಂದೆ ಸಾಕು."

ಕುಪ್ಪಸ್ವಾಮಿ ಬಗ್ಗಿ ಮುಂದಿನ ಚಕ್ರ ತಟ್ಟಿದ. "ಅಣ್ಣೇ, ಕುಯ್ದ್ರೆ ಕುಯ್ದಂಗೇ. ಇದು ಉಣ್ಣೆ ಅಲ್ಲ, ತಿರ್ಗಾ ಬೆಳ್ಯಾಕೆ."

"ಗೊತ್ತೈತೆ, ಕುಯ್ಯಿ."

ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಸ್ಪ್ರಿಂಗನ್ನು ಹುಷಾರಾಗಿ ಹೊರಗೆ ತೆಗೆದು ಮೆಷಿನ್ನಿನಲ್ಲಿ ಕುಯ್ದರು. ಗ್ಯಾಸ್ ಬೆಂಕಿ ತಾಗಿಸಿದರೆ ಸ್ಪ್ರಿಂಗಿನ ಜೀವ ಹೋಗುತ್ತದಂತೆ. ಒಂದು ಸುತ್ತು ಹೋದಮೇಲೆ ಮತ್ತೆ ಜೋಡಿಸಿ ಕಾರು ಇಳಿಸಿದಾಗ ಚಿಕ್ಕಣ್ಣ ಕೋಲು ಹಿಡಿದು ನೋಡಿದ, ಗುರುತಿಗೆ ಸಿಗಲಿಲ್ಲ. ಇನ್ನೂ ಅರ್ಧ ಸುತ್ತು ಕುಯ್ಯಿಸಿದ. ಕೋಲಿನಲ್ಲಿ ಕಾರು ಅಳೆಯುವ ಗಿರಾಕಿಯನ್ನು ಕುಪ್ಪಸ್ವಾಮಿ ಅದೇ ಮೊದಲು ನೋಡಿದ್ದು. ಆದರೂ ಹೇಳಿದಷ್ಟು ಕುಯ್ದು ಕೆಲಸ ಮುಗಿಸಿದ.

ಹೊರಗೆ ಬಂದ ಫಿಯೆಟ್ ಮೂತಿ ತಗ್ಗಿಸಿ, ಹಿಂಭಾಗ ಎತ್ತಿ, ಗುದ್ದಲು ನಿಂತ ಟಗರಿನಂತಿತ್ತು. ತೊಪ್ಪೂರಿನ ಏರಿನುದ್ದಕ್ಕೂ ಚಿಕ್ಕಣ್ಣನ ಬೆನ್ನುಮೂಳೆ ಎಣಿಸುವಂತೆ ಕುಲುಕಿತು. ಊರಿನ ರಸ್ತೆಯುಬ್ಬಿಗೆ ಅಡಿಭಾಗ ಕರಕರ ಉಜ್ಜಿತು. ಹುಡುಗರು ಓಡಿ ಬಂದು ಕಾರಿನ ಪಕ್ಕ ನಿಂತು ಫೋಟೋ ತೆಗೆದುಕೊಂಡರು, "ಸೂಪರ್ ತಾತಾ" ಎಂದರು. ಪಕ್ಕದ ಮನೆಯ ರಾಜಾತಿ ಮಾತ್ರ ಕೈ ತಿರುಗಿಸಿ, "ತಾತ ಆದ ಮೇಲೆ ಸೋಕಿ ಬಂತಾ ಇವನಿಗೆ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಎಂದೂ ಮಾತಾಡಿಸದ ಹುಡುಗರು ಯಾಕೆ ಹೊಗಳಿದರು, ದಿನಾ ಮಾತಾಡಿಸುವ ರಾಜಾತಿ ಯಾಕೆ ಬೈದಳು, ಎರಡೂ ಅವನಿಗೆ ಅರ್ಥವಾಗಲಿಲ್ಲ. ತಾನು ಮಾಡಿದ್ದು ಒಳ್ಳೆಯ ಕೆಲಸವೋ ಕೆಟ್ಟದ್ದೋ ಎಂಬುದೇ ಮನಸ್ಸಿನಲ್ಲಿ ಕಲಸಿಹೋಯಿತು.

ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಕರೆದ. "ಗಂಗಾ, ಬಾ ಇಲ್ಲಿ. ಒಂದ್ಸಲ ಅತ್ತಿ ನೋಡು."

ಗಂಗಲಕ್ಷ್ಮಮ್ಮ ಕಾರಿನ ಅವತಾರ ನೋಡಿ, ಅವನ ಮುಖ ನೋಡಿ, ಕಾಲೆಳೆಯುತ್ತಾ ಬಂದಳು. ಕಾರಿನ ಕಡೆ ಬೆನ್ನು ಮಾಡಿ ಕೂರಲು ಹೋದವಳಿಗೆ ಸೀಟು ಸಿಗಬೇಕಾದಲ್ಲಿ ಸಿಗಲೇ ಇಲ್ಲ. ಬಾವಿಗೆ ಬಿದ್ದ ಬಿಂದಿಗೆಯಂತೆ ದೊಪ್ಪನೆ ಒಳಗೆ ಬಿದ್ದಳು. "ಅಯ್ಯಪ್ಪಾ!" ಎಂದು ಮಂಡಿ ಹಿಡಿದುಕೊಂಡಳು. ಚಿಕ್ಕಣ್ಣ ಗಾಬರಿಯಾಗಿ ಅವಳ ಕಾಲುಗಳನ್ನು ಒಳಗಿಟ್ಟ. ಹೇಗೂ ಕೂತಳಲ್ಲ ಎಂದು ಒಳಗೊಳಗೇ ಹಿಗ್ಗಿದ.

"ಈಗ ಇಳಿ."

ಅವಳು ಏಳಲು ನೋಡಿದಳು, ಆಗಲಿಲ್ಲ. ಅವನು ಎರಡೂ ಕೈ ಹಿಡಿದು ಎಳೆದ. ಅವಳು ಕಿರುಚಿಕೊಂಡಳು. ಸೊಂಟಕ್ಕೆ ಕೈ ಹಾಕಿ ಎತ್ತಹೋದ, ಅವನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಕೊನೆಗೆ ತಲೆ ಉಜ್ಜಿಕೊಳ್ಳುತ್ತಾ ನಿಂತ. ಕೋಲಿನ ಅಳತೆ ಸರಿಯಾಗಿಯೇ ಇತ್ತು, ಕುಯ್ದದ್ದೂ ಸರಿಯಾಗಿಯೇ ಇತ್ತು. ಎಲ್ಲಿ ಎಡವಿದೆ ಎಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಇದೇನು ಮಾಡಿಸ್ಕಂಡು ಬಂದೆ ಮಾವ?"

"ನಿಂಗೋಸ್ಕರ್ವೇ. ಕುಂಟೋ ಕುರಿಗೆ ಗಾಡಿ ತಗ್ಗುಸ್ತೀವಲ್ಲ, ಅಂಗೆ. ಕಾಲು ಜಾಸ್ತಿ ಎತ್ತೋದು ಬೇಡ ಅಂತ..."

"ಕುರಿ ಗಾಡೀಲಿ ನಿಂತ್ಕಂಡು ಓಗ್ತದೆ. ನಾನು ಕೂರಬೇಕು, ಎದ್ದೇಳಬೇಕು. ಕಾಲು ಎತ್ತೋದಲ್ಲ ನನ್ ಕಷ್ಟ, ಮಂಡಿ ಮಡಿಸೋದು. ಸೀಟು ಎಷ್ಟು ಮೇಲಿದ್ರೆ ನಂಗೆ ಅಷ್ಟು ಸುಕ. ಒಂದು ದಿಂಬು ಆಕಿದ್ರೆ ಆಗೋಗದು." ಅವಳು ಮಂಡಿ ನೀವಿಕೊಂಡಳು. "ಅವತ್ತು ಬಾಗ್ಲಾಗೆ ನಿಂತು ಅತ್ತೆ. ಯಾಕೆ ಅಂತ ಒಂದು ಮಾತು ಕೇಳಿದ್ಯಾ ನೀನು? ಕುರಿಗೆ ಬಾಯಿಲ್ಲ ಮಾವ. ನಂಗೈತೆ."

ಮದುವೆಯಾದಂದಿನಿಂದ ಅವಳನ್ನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದೇ ನಂಬಿದ್ದವನು ಚಿಕ್ಕಣ್ಣ. ನೋಡಿಕೊಂಡದ್ದು ನಿಜ, ಕೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದರೆ ಒಂದೂ ಸಿಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿಟ್ಟ.

ಗಂಗಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಬಾಗಿಲನ್ನು ತಾನೇ ಎಳೆದು ಹಾಕಿಕೊಂಡಳು.

"ಗಾಡಿ ತೆಗಿ."

"ಎಲ್ಲಿಗೆ?"

"ಎಡಪ್ಪಾಡಿಗೆ. ಎಂಗೂ ಕುಂತುಬಿಟ್ಟೆ, ಇಳ್ಯಾಕೆ ಆಗ್ತಿಲ್ಲ. ನಾಳೆ ಓಗೋದು ಇವತ್ತೇ ಓಗಾನ. ರಾಜಾತಿ ಕೈಲಿ ನನ್ ಸೀರೆ ಚೀಲ ತರ್ಸು, ಮಂದೆ ನೋಡ್ಕ ಅಂತ್ಲೂ ಯೇಳು."

ಹೊರಟರು. ಪ್ರತಿ ಉಬ್ಬಿಗೂ ಕಾರು ಉಜ್ಜಿತು, ಅವಳು ಪ್ರತಿ ಸಲವೂ ಅವನನ್ನು ಬೈದಳು. ತಾರಮಂಗಲ ದಾಟುವ ಹೊತ್ತಿಗೆ ಬೈಗುಳದ ನಡುವೆ ನಗುವೂ ಬರತೊಡಗಿತು. ಅವಳು ನಗುತ್ತಿರುವುದು ತನ್ನನ್ನು ಕಂಡೋ, ಕಾರನ್ನು ಕಂಡೋ, ಮೊಮ್ಮಗಳನ್ನು ನೆನೆದೋ ಚಿಕ್ಕಣ್ಣನಿಗೆ ತಿಳಿಯಲಿಲ್ಲ. ಮಾಡಿದ್ದು ತಪ್ಪೆಂದು ಗೊತ್ತಾಗಿತ್ತು. ಆ ತಪ್ಪಿನಿಂದಲೇ ಅವಳು ಕಾರಿನಲ್ಲಿದ್ದಾಳೆ. ಇದನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡ.

ಎಡಪ್ಪಾಡಿಯ ಮನೆ ಮುಂದೆ ಕಾರು ನಿಂತಾಗ ಮಗ್ಗದ ಸದ್ದು ನಿಂತಿತು. ಶಶಿಕಲಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಗಂಗಲಕ್ಷ್ಮಮ್ಮ ಸೀಟಿನ ಆಳದಿಂದಲೇ ಎರಡೂ ಕೈ ಚಾಚಿದಳು, ಮತ್ತೆ ಇಳಿಸಿಕೊಂಡಳು. "ಇಲ್ಲಿ ಬೇಡ. ನಾನೇ ಒಳಕ್ಕೆ ಬಂದು ಎತ್ಕೊತೀನಿ," ಎಂದು ಮಗಳಿಗೆ ಹೇಳಿದಳು.

ಚಿಕ್ಕಣ್ಣ ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದ. ಬೆಳಿಗ್ಗೆಯ ಹಾಗೇ ಅವನ ಕೈಗಳು ತಾವಾಗಿ ಅವಳ ಕೈಗಳ ಕಡೆಗೆ ಹೋದವು. ಅರ್ಧದಲ್ಲಿ ತಡೆದು ನಿಂತ.

"ಗಂಗಾ," ಎಂದ, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ. "ಎಲ್ಲಿ ಇಡ್ಕಳ್ಳಿ? ನೀನೇ ಯೇಳು."

ಅವಳು ಅವನ ಬಲಗೈ ಹಿಡಿದು ತನ್ನ ಬೆನ್ನಿನ ಕೆಳಗೆ ಇಟ್ಟುಕೊಂಡಳು.

"ಇಲ್ಲಿ," ಎಂದಳು.